ಜೆಟ್ ದಾರಿಯ ಬೀಗರು

ನಮ್ಮ ನಗರಗೆರೆ ಕಡೆ ಆಕಾಶ ಮೊದಲೆಲ್ಲ ತನ್ನ ಪಾಡಿಗೆ ತಾನಿತ್ತು. ಈಗ ಯಲಹಂಕದಲ್ಲಿ ಏರ್ ಶೋ ಅಂದ್ರೆ ಸಾಕು, ತಾಲೀಮಿನ ಜೆಟ್‌ಗಳು ನಮ್ಮ ಹೆಂಚು ಸವರಿಕೊಂಡೇ ಹೋಗ್ತವೆ, ಮನೆಗೊಂದು ಎಡವಟ್ಟು ಆಗ್ತಾನೇ ಇರುತ್ತೆ. ನನ್ನ ಪಾಲಿನದು ಮಗಳ ಮದುವೆಗೇ ಬಂತು.

ಕಿವಿ ಕೇಳದ ಸಂಬಂಧ

ಹೆಣ್ಣು ನೋಡೋಕೆ ಬಂದವರು ಯಲಹಂಕದವರು, ವಿಮಾನ ನೆಲೆಯ ಪಕ್ಕದಲ್ಲೇ ಮನೆ. ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಿದ್ರು, ಹಿರಿಯರು ಹೂಂ ಅನ್ನೋದಷ್ಟೇ ಬಾಕಿ. ಬಜ್ಜಿ ಕೊಡೋ ಹೊತ್ತಿಗೆ ಸರಿಯಾಗಿ ತಲೆ ಮೇಲೆ ಜೆಟ್ ಬಂತು. ಊರಿಗೆಲ್ಲ ನ್ಯಾಯ ಹೇಳೋ ನಮ್ಮ ಭಾವ, ಅಂದ್ರೆ ನಮ್ಮ ಯಜಮಾನರ ಅಣ್ಣ, ಕಿರುಚಿಕೊಂಡು ಮಂಚದ ಕೆಳಗೆ ಸೇರಿಕೊಂಡ್ರು. ನಮ್ಮತ್ತೆ "ದೇವುಡಾ" ಅಂತ ಕಿವಿ ಮುಚ್ಚಿಕೊಂಡ್ರು. ಬಂದವರು ಮಾತ್ರ ಜೆಟ್‌ಗೆ ತಲೆನೂ ಎತ್ತಲಿಲ್ಲ, ಬಜ್ಜಿ ಅಗಿಯೋದೂ ನಿಲ್ಲಿಸಲಿಲ್ಲ.

ಅವರು ಹೋದ ಮೇಲೆ ಭಾವ ಪಂಚೆ ಕೊಡವಿಕೊಂಡು, ಈ ಸಂಬಂಧ ಬೇಡ, ಆ ಮನೆಯೋರಿಗೆ ಒಬ್ಬರಿಗೂ ಕಿವಿ ಕೇಳಲ್ಲ ಅಂದ್ರು. ನನಗೆ ರೇಗಿಹೋಯ್ತು.

"ಕಿವಿ ಕೇಳದೆ ಇದ್ದೋರು, ನೀವು 'ಅಮ್ಮಾ' ಅಂತ ಕಿರುಚಿದ್ದಕ್ಕೆ ಹೆಂಗೆ ನಕ್ರು ಭಾವ?"

ಅರ್ಧ ಮಾತು

ಒಪ್ಪಿಗೆ ತಿಳಿಸೋಕೆ ಹುಡುಗನ ತಾಯಿ ಫೋನ್ ಮಾಡಿದ್ರು. ಜೆಟ್ ಹತ್ತಿರ ಬಂದ್ರೆ ಮಾತು ಅಲ್ಲಿಗೇ ನಿಲ್ಲಿಸೋದು, ಹೋದ ಮೇಲೆ ಬಿಟ್ಟ ಕಡೆಯಿಂದ ಶುರು ಮಾಡೋದು ಆ ಕಡೆಯವರ ಪದ್ಧತಿ. ನನಗೇನು ಗೊತ್ತು.

"ನಿಮ್ಮ ಹುಡುಗಿ ನಮಗೆ…" ಅಂದವರು ಸುಮ್ಮನಾಗಿಬಿಟ್ರು. ಮಗಳು ಎದುರಿಗೇ ನಿಂತು ನನ್ನ ಮುಖಾನೇ ನೋಡ್ತಿದ್ದಾಳೆ. ಆಮೇಲೆ ನಿಧಾನಕ್ಕೆ "…ತುಂಬಾ ಇಷ್ಟ" ಅನ್ನೋದು ಕೇಳಿಸ್ತು.

ಅಷ್ಟರಲ್ಲಿ ನಾನು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತಾಗಿತ್ತು. ಇನ್ನೂ ತೀರಿಸ್ತಾನೇ ಇದ್ದೀನಿ.

ಬೀಗರೂಟ

ಮದುವೆ ಚೆನ್ನಾಗೇ ಆಯ್ತು. ಬೀಗರೂಟ ಅವರ ಮನೆ ಮುಂದೆ ಅಂತ ಮಾತಾಗಿತ್ತು, ಆದ್ರೆ ಅದು ಏರ್ ಶೋ ವಾರ. ಮಾಂಸದ ತುಣುಕಿಗೆ ಹದ್ದು ಬರುತ್ತೆ, ಹದ್ದು ಬಡಿದ್ರೆ ವಿಮಾನಕ್ಕೂ ಅಪಾಯ, ಕೆಳಗಿನ ಮನೆಗಳಿಗೂ ಅಪಾಯ. ಅದಕ್ಕೆ ಅಲ್ಲಿ ಮಾಂಸದಂಗಡಿ ಎಲ್ಲ ಬಂದ್. ಹೋಳಿಗೆ ಹಾಕಿಸ್ತೀವಿ ಅಂದ್ರು ಬೀಗಿತ್ತಿ. ಬಾಡಿಲ್ಲದ ಬೀಗರೂಟಕ್ಕೆ ಎಲೆ ಮುಂದೆ ಕೂರಲ್ಲ ಅಂದ್ರು ಭಾವ. ಮನೆ ಹಿರಿಯನೇ ಉಣ್ಣದೆ ಹೋದ್ರೆ ನನ್ನ ಮಗಳು ಜೀವಮಾನವೆಲ್ಲ ಆ ಮಾತು ಕೇಳ್ಬೇಕು. ಊಟ ನಮ್ಮೂರಲ್ಲೇ ಆಗ್ಲಿ ಅಂದೆ.

ಬೀಗರ ಜೊತೆ ಅವರ ಬೀದಿಯೇ ಬಂತು, ಪಾಪ, ಬಾಯಿ ಕೆಟ್ಟುಹೋಗಿತ್ತು ಎಲ್ಲರಿಗೂ. ಹೊಂಗೆ ಮರದ ಕೆಳಗೆ ಟೇಬಲ್ ಹಾಕಿ ಮುದ್ದೆ, ಮಟನ್ ಸಾರು ಬಡಿಸಿದ್ವಿ. ಭಾವ ಮೊದಲ ತುತ್ತು ಮುರಿದ್ರು ನೋಡಿ, ಎಲ್ಲಿತ್ತೋ ಒಂದು ಹದ್ದು, ಅವರ ಎಲೆಯಿಂದಲೇ ದೊಡ್ಡ ತುಂಡು ಕಿತ್ಕೊಂಡು ಮರ ಹತ್ತಿತು. ಹಿಂದೇನೇ ಇನ್ನೆರಡು ಬಂದವು. ಭಾವ ಎಲೆ ಬಿಟ್ಟು ಎದ್ದೇಬಿಟ್ರು. ಬಡಿಸೋರು ಕೋಲು ಹಿಡಿದು ಓಡಿದ್ರು. ಮುಗೀತು, ಮರ್ಯಾದೆ ಹೋಯ್ತು ಅಂತ ನನಗೆ ಕಣ್ಣಲ್ಲಿ ನೀರು ಬಂತು.

ಆಗಲೇ ಜೆಟ್ ಬಂತು. ನಮ್ಮೂರ ಕಾಗೆ ಒಂದೂ ನಿಲ್ಲಲಿಲ್ಲ, ನಾಯಿಗಳು ಓಟ ಕಿತ್ತವು, ಭಾವ ಟೇಬಲ್ ಕೆಳಗೆ. ಬೀಗರು ಮುದ್ದೆ ನುಂಗ್ತಾ ಇದ್ರು. ಕೊಂಬೆ ಮೇಲಿನ ಹದ್ದುಗಳೂ ತಲೆ ಎತ್ತದೆ ತಿನ್ತಾ ಇದ್ವು.

ಭಾವ ಟೇಬಲ್ ಕೆಳಗಿನಿಂದ ಕತ್ತು ಚಾಚಿ ಹದ್ದುಗಳನ್ನ ನೋಡಿದ್ರು, ಬೀಗರನ್ನ ನೋಡಿದ್ರು, ಮತ್ತೆ ಹದ್ದುಗಳನ್ನ ನೋಡಿದ್ರು. ಆಮೇಲೆ ಹೊರಗೆ ಬಂದು ಎಲೆ ಮುಂದೆ ಕೂತ್ರು.

"ಕೋಲು ಕೆಳಗಿಡ್ರಪ್ಪ. ಅವೂ ಬೀಗರ ಕಡೆಯೋರೇ. ಏನೂ ಕಡಿಮೆ ಮಾಡ್ದಂಗೆ ಬಡಿಸಿ."