ಟಕಟಕ ವ್ಯಾನು, ಮಾವನ ಲೋಟ

ಹಳೆಯ ಪೆಟ್ರೋಲ್ ವ್ಯಾನ್ ಇಟ್ಟುಕೊಂಡು ಚೆನ್ನೈಯಲ್ಲಿ ತಿಂಡಿ ಸಪ್ಲೈ ಮಾಡುವವನಿಗೆ ತಾಪತ್ರಯ ದಿನಕ್ಕೊಂದು. ಮೊದಲೇ ನನಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ಅದರ ಮೇಲೆ ಇಂಜಿನ್ನು ಟಕಟಕ ಅನ್ನಲು ಶುರುಮಾಡಿತು. ವೇಲಚೇರಿಯ ಒಂದು ಅಪಾರ್ಟ್‌ಮೆಂಟಿಗೆ ಬೆಳಗಿನ ತಿಂಡಿ ನಮ್ಮದೇ. ಅಲ್ಲಿನ ಸೆಕ್ರೆಟರಿ ಖಡಕ್ಕಾಗಿ ಹೇಳಿಬಿಟ್ಟರು: "ಸೋಮವಾರದಿಂದ ಈ ಸದ್ದು ಗೇಟಿನೊಳಗೆ ಬಂದರೆ ತಿಂಡಿ ಬೇರೆಯವರಿಂದ." ಆ ಆರ್ಡರ್ ಹೋದರೆ ನಮ್ಮ ಅಡುಗೆಮನೆಗೆ ಬೀಗವೇ ಗತಿ.

೧. ಸೌಟುಗಳ ತಪಾಸಣೆ

ನನ್ನ ಸೋದರಮಾವ ಉಡುಪಿ ಹೋಟೆಲಿನ ಹಳೇ ಅಡುಗೆಯವರು. ವ್ಯಾನಿನ ಮುಂದಿನ ಸೀಟು ಅವರದು. "ಇಂಜಿನ್ನೂ ಅಲ್ಲ ಗಿಂಜಿನ್ನೂ ಅಲ್ಲ ಮಾರಾಯ. ಹಿಂದೆ ಸೌಟು ಬಡೀತಾ ಉಂಟು" ಅಂದರು. ಪುರಸೈವಾಕ್ಕಂನಲ್ಲಿ ರಸ್ತೆ ಬದಿಗೆ ನಿಲ್ಲಿಸಿ ಸೌಟು, ಬಕೆಟ್ಟು, ಇಡ್ಲಿ ಡಬ್ಬ ಎಲ್ಲ ಕೆಳಗಿಳಿಸಿದೆ. ಖಾಲಿ ವ್ಯಾನ್ ಸ್ಟಾರ್ಟ್ ಮಾಡಿದರೆ ಟಕಟಕ ಇನ್ನೂ ಜೋರು! ಸಿಟ್ಟಿನಿಂದ ತಿರುಗಿದರೆ ಪಾತ್ರೆಗಳ ಮುಂದೆ ಒಂಬತ್ತು ಜನರ ಕ್ಯೂ. ಅನ್ನದಾನ ಅಂದುಕೊಂಡಿದ್ದರು. ಇಲ್ಲ ಅನ್ನಲು ಬಾಯಿ ಬಾರದೆ ತಲೆಗೆರಡು ಇಡ್ಲಿ ಹಾಕಿದೆ. ಕೊನೆಯವರು ನನ್ನನ್ನೇ ಗದರಿದರು: "ಸಾಂಬಾರ್ ಇಲ್ಲೆಯಾ?"

೨. ಮಾವನ ರೋಗಪರೀಕ್ಷೆ

ಕೊನೆಗೆ ವ್ಯಾನನ್ನು ಶೆಡ್ಡಿಗೆ ಒಯ್ದೆ. ಮೆಕ್ಯಾನಿಕ್ ಮುಂದಿನ ಸೀಟು ಎತ್ತಿ, ಅದರಡಿ ಓಡುತ್ತಿದ್ದ ಇಂಜಿನ್ನಿಗೆ ಉದ್ದದ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ನಾನು ಶೆಡ್ಡಿನ ತುಂಬ ಶತಪಥ ಹಾಕಿದೆ.

"ವಾಲ್ವ್ ತಳ್ಳೋ ಲಿಫ್ಟರ್ ಸಾರ್. ಅದರೊಳಗೆ ಆಯಿಲ್ ತುಂಬ್ತಾ ಇಲ್ಲ, ಬಡ್ಕೊಳ್ತಾ ಇದೆ" ಎಂದು ತಮಿಳಿನಲ್ಲಿ ಹೇಳಿ, ಆಯಿಲ್ ನೋಡುವ ಕಡ್ಡಿ ಎಳೆದ. ಆಯಿಲ್ ಬದಲಿಸುವುದನ್ನು ನಾನೇ ಮುಂದೂಡುತ್ತ ಬಂದಿದ್ದೆ. ಮಾವ ನಡುವೆ ನುಗ್ಗಿ, ಕಡ್ಡಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ನನ್ನತ್ತ ತಿರುಗಿದರು.

"ಇದ್ರಲ್ಲಿ ಎಷ್ಟು ಸಲ ಬೋಂಡ ಕರಿದಿದ್ದಿ ಮಾರಾಯ?"

೩. ಗೇಟಿನಲ್ಲಿ

ಹೊಸ ಆಯಿಲ್, ಹೊಸ ಫಿಲ್ಟರ್, ಎರಡು ಹೊಸ ಲಿಫ್ಟರ್. ಟಕಟಕ ಮಾಯ! ನನಗೆ ಕುಣಿಯುವಷ್ಟು ಖುಷಿ, ಮಾವನಿಗೆ ಕಸಿವಿಸಿ. ಹೋಟೆಲಿನಲ್ಲಿ ಇಡ್ಲಿ ಬೇಯಿಸುವ ಪಾತ್ರೆಯ ನೀರಿಗೆ ಅವರು ಒಂದು ನಾಣ್ಯ ಹಾಕಿಡುತ್ತಿದ್ದರು. ನೀರು ಕುದಿಯುವಷ್ಟು ಹೊತ್ತೂ ಅದು ಟಕಟಕ ಅನ್ನುತ್ತದೆ. ನಿಂತರೆ ನೀರು ಬತ್ತಿತು ಅಂತ ಅರ್ಥ. "ಸದ್ದಿದ್ರೆ ಹೆದರ್ಲಿಕ್ಕಿಲ್ಲ. ನಿಂತ್ರೆ ಹೆದರ್ಬೇಕು" ಎಂದು ಮನೆಯವರೆಗೂ ಗೊಣಗಿದರು.

ಸೋಮವಾರ ಗೇಟಿನಲ್ಲಿ ಸೆಕ್ರೆಟರಿ ಕೈಕಟ್ಟಿ ನಿಂತಿದ್ದರು. ವ್ಯಾನ್ ನಿಧಾನಿಸಿದೆ. ಟಕಟಕ! ಅಲ್ಲೇ ಬ್ರೇಕ್ ಹಾಕಿದೆ. ಸೀಟು ಎತ್ತಿ ಇಂಜಿನ್ ನೋಡೋಣವೆಂದು ಮಾವನನ್ನು ಕೆಳಗಿಳಿಸಿದೆ.

ಟಕಟಕವೂ ಅವರ ಜೊತೆಯೇ ಇಳಿಯಿತು.

ಸೆಕ್ರೆಟರಿ ಮಾವನ ಕೈಮೇಲಿನ ಟವೆಲ್ ಸರಿಸಿದರು. ಸ್ಟೀಲ್ ಲೋಟ, ಅದರಲ್ಲೊಂದು ನಾಣ್ಯ. ಮುಖ ಗಂಟಿಕ್ಕಿಕೊಂಡೇ ತೀರ್ಪು ಕೊಟ್ಟರು: "ವ್ಯಾನ್ ದಿನಾ ಬರಲಿ. ಲೋಟ ಒಳಗೆ ಬರಬಾರದು."

ಲೋಟ ಬಿಟ್ಟು ಬರಲು ಮಾವ ಒಪ್ಪಲಿಲ್ಲ. ವಾಚ್‌ಮನ್ನಿನ ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ತಿಂಡಿ ಇಳಿಸಿ, ಆರ್ಡರ್ ಉಳಿದ ನೆಮ್ಮದಿಯಲ್ಲಿ ಗೇಟಿಗೆ ಬಂದರೆ, ಮಾವ ಬೆವರು ಸುರಿಸುತ್ತ ಲೋಟ ಅಲ್ಲಾಡಿಸುತ್ತಿದ್ದಾರೆ.

"ಇನ್ನೂ ಯಾಕೆ ಮಾವ ಅಲ್ಲಾಡಿಸ್ತಿದ್ದೀರಿ?"

"ಮತ್ತೆ? ಅಲ್ಲಾಡಿಸಿದ್ದಕ್ಕೇ ನಿನ್ನ ವ್ಯಾನ್ ವಾಪಸ್ ಬಂದದ್ದು ಮಾರಾಯ!"