ಬೀಗರ ಹೋರಿ, ಗುರುವಾರದ ಫೋನು

ದನಗಳ ಕೆಲಸದಲ್ಲಿ ಇರುವವರಿಗೆ ದನಗಳಿಂದ ತೊಂದರೆ ಕಡಿಮೆ. ಅವು ಒದ್ದರೆ ಒದ್ದವು, ಅಲ್ಲಿಗೆ ಮುಗಿಯಿತು. ಯಾಕೆ ಒದ್ದೆವು ಅಂತ ಕೂತು ವಿವರಿಸುವುದಿಲ್ಲ. ಹಗ್ಗದ ಇನ್ನೊಂದು ತುದಿ ಹಿಡಿದು ನಿಂತವರ ಜೊತೆ ಮಾತ್ರ ವಾರಕ್ಕೊಂದು ಏನಾದರೂ ಆಗಿಯೇ ಆಗುತ್ತದೆ.

ನಾನಿರುವುದು ಬಸವಕಲ್ಯಾಣ, ಹುಮನಾಬಾದ್ ಎರಡೂ ತಾಲೂಕಿಗೆ ಸೇರಿದ ಒಂದು ಸಣ್ಣ ಜಾನುವಾರು ಕೇಂದ್ರದಲ್ಲಿ. ಹೋರಿಗರು ಹೇಗೆ ಮೈತುಂಬಿ ಬೆಳೆಯುತ್ತದೆ, ಬೇಸಿಗೆಯಲ್ಲಿ ಏನು ಮೇಯಿಸಬೇಕು, ಗೊರಸು ಕೆಟ್ಟರೆ ಏನು ಮಾಡಬೇಕು, ಇವನ್ನೆಲ್ಲ ಸಂಶೋಧನೆ ಮಾಡುವುದು ಅರ್ಧ ಕೆಲಸ. ಅದನ್ನು ಊರೂರಿಗೆ ಒಯ್ದು ಹೇಳುವುದು ಉಳಿದರ್ಧ. ನನ್ನ ಕೂದಲು ಬೆಳ್ಳಗಾದದ್ದು ಆ ಉಳಿದರ್ಧದಲ್ಲಿ. ಜೊತೆಗೆ ಜೀಪಿನ ಡ್ರೈವರ್ ಒಬ್ಬರಿದ್ದಾರೆ. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ನನಗಿಂತ ಹೆಚ್ಚು ದಣಿದವರು.

ಒಂದೇ ಕಿವಿಗೆ ಓಲೆ

ದನಗಳ ಕಿವಿಗೆ ಹಳದಿ ಬಿಲ್ಲೆ ಹೊಡೆಯುವ ಕೆಲಸ ನಡೆದಿತ್ತು. ಬಿಲ್ಲೆಯ ಮೇಲೆ ನಂಬರ್ ಇರುತ್ತದೆ. ಲಸಿಕೆಗೂ ವಿಮೆಗೂ ಅದೇ ಗುರುತು. ಗೋರ್ಟಾ ಕಡೆಯ ಒಂದು ಊರಿನಲ್ಲಿ ಒಬ್ಬ ಅಜ್ಜಿ ತನ್ನ ದೇವಣಿ ತಳಿಯ ಆಕಳನ್ನು ಒಳಗೆ ಕಟ್ಟಿ, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಕೂತುಬಿಟ್ಟಿದ್ದಳು.

"ನೋಯಂಗಿಲ್ಲ ಅಜ್ಜಿ, ಇರುವಿ ಕಚ್ಚಿದಂಗ ಅಷ್ಟೇ" ಅಂದೆ.

"ನೋವಿನ ಮಾತು ಯಾರು ತಗದಾರ? ನಮಗೇನು ಕಿವಿ ಚುಚ್ಚಿಲ್ಲೇನು? ಎಷ್ಟ ಕಿವಿಗಿ ಹಾಕತೀರಿ, ಅದು ಹೇಳ್ರಿ."

"ಒಂದಕ್ಕ."

"ಒಂದ ಕಿವಿಗಿ ಓಲಿ ಹಾಕ್ಕೊಂಡು ಯಾವ ಹೆಣ್ಣು ಊರಾಗ ತಿರಗತಾಳ್ರಿ? ಮಂದಿ ಏನಂತಾರ?"

ಇದು ಓಲೆಯಲ್ಲ, ಗುರುತು ಅಂತ ಹೇಳಿದೆ. ವಿಮೆಯ ಕಥೆ ಹೇಳಿದೆ. ರೋಗದ ಕಥೆ ಹೇಳಿದೆ. ಎಲ್ಲ ಕೇಳಿ ಅಜ್ಜಿ, "ಖರೆ ಅದ. ಇನ್ನೊಂದು ಕಿವಿಗೂ ಹಾಕ್ರಿ" ಅಂದಳು. ಒಂದು ಆಕಳಿಗೆ ಎರಡು ನಂಬರ್ ಕೊಟ್ಟರೆ ಕಂಪ್ಯೂಟರಿನಲ್ಲಿ ಅದು ಎರಡು ಆಕಳಾಗುತ್ತದೆ ಅಂದದ್ದಕ್ಕೆ, "ಆಗಲಿ ಬಿಡ್ರಿ, ನಮ್ಮ ಕೊಟ್ಟಿಗ್ಯಾಗ ಜಾಗಾ ಅದ" ಅಂದಳು. ಕೊನೆಗೆ ಮೊಮ್ಮಗಳೊಬ್ಬಳು ಬಂದು ಏನೋ ಕಿವಿಯಲ್ಲಿ ಹೇಳಿದ ಮೇಲೆ ಅಜ್ಜಿ ಎದ್ದಳು. ಬಿಲ್ಲೆ ಹೊಡೆದು ಬಂದೆವು.

ಮುಂದೆ ಲಸಿಕೆಯ ಸಮಯಕ್ಕೆ ನಮ್ಮಲ್ಲಿ ಹೊಸದಾಗಿ ಸೇರಿದ ಲಸಿಕೆಯವನನ್ನು ಆ ಊರಿಗೆ ಕಳಿಸಿದ್ದೆ. ಅಲ್ಲಿಂದಲೇ ಫೋನ್ ಮಾಡಿದ. "ಮೇಡಂ, ಒಂದು ಆಕಳಿಗೆ ಎರಡೂ ಕಿವಿಗಿ ಹಳದಿ ಬಿಲ್ಲಿ ಅವ. ಒಂದರ ಮ್ಯಾಲ ನಂಬರ್ ಅದ. ಇನ್ನೊಂದರ ಮ್ಯಾಲ 'ಶುದ್ಧ ಶೇಂಗಾ ಎಣ್ಣಿ' ಅಂತ ಅದ. ಯಾವುದು ಬರಕೊಳ್ಳಲಿ?"

ಮೊಮ್ಮಗಳು ಎಣ್ಣೆಯ ಡಬ್ಬಿ ಕತ್ತರಿಸಿ ಜೋಡಿ ಮಾಡಿಕೊಟ್ಟಿದ್ದಳು.

ಫುರಸತ್ ಇದ್ದವರು

ನಾವು ನಡೆಸುವ ಪ್ರತಿಯೊಂದು ತರಬೇತಿಗೂ ಒಬ್ಬರು ತಪ್ಪದೇ ಬರುತ್ತಿದ್ದರು. ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ. ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂಡುವರು. ಉಳಿದವರು ಉಪ್ಪಿಟ್ಟಿನ ವಾಸನೆ ಬಂದ ಕೂಡಲೇ ಬಾಗಿಲ ಕಡೆ ಮುಖ ಮಾಡಿದರೆ, ಇವರು ಮಾತ್ರ ಪ್ರಶ್ನೆ ಕೇಳುವರು. ಜಂತುಹುಳದ ಔಷಧಿ ಬರೀ ಹೊಟ್ಟೆಯಲ್ಲಿ ಕೊಡಬೇಕೋ ಮೇವು ಹಾಕಿ ಕೊಡಬೇಕೋ, ಕರುವಿಗೆ ಗಿಣ್ಣು ಹಾಲು ಎಷ್ಟು ಹೊತ್ತಿನೊಳಗೆ ಕುಡಿಸಬೇಕು, ಎಲ್ಲ ಬರೋಬ್ಬರಿ ಪ್ರಶ್ನೆ. ಇಂಥ ಒಬ್ಬರು ಸಿಕ್ಕರೂ ಸಾಕು, ಈ ನೌಕರಿ ಸಾರ್ಥಕ ಅನ್ನಿಸುತ್ತಿತ್ತು.

ಮೇಲಿನಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದಾಗ ಇವರನ್ನೇ ಮುಂದೆ ನಿಲ್ಲಿಸಿದೆ. "ನಮ್ಮ ಮಾದರಿ ರೈತರು ಸರ್" ಅಂದೆ. ಸಾಹೇಬರು ಸಂತೋಷದಿಂದ, "ನಿಮ್ಮನ್ಯಾಗ ಎಷ್ಟ ದನ ಅವ?" ಅಂತ ಕೇಳಿದರು.

"ಒಂದೂ ಇಲ್ರಿ" ಅಂದರು ಅವರು.

"ಮತ್ತ ಎಲ್ಲಾ ತರಬೇತಿಗೂ ಬರತೀರಂತ?"

"ದನ ಇದ್ದವರಿಗಿ ಇಲ್ಲಿ ಬರಾಕ ಫುರಸತ್ ಎಲ್ಲದ್ರಿ ಸಾಹೇಬರ?"

ಮುಚ್ಚಿದ ಗುಂಡಿ

ಹುಲಸೂರಿನ ಹತ್ತಿರ ಒಬ್ಬ ರೈತ ನಾನು ಹೇಳಿದ್ದನ್ನು ಕೇಳುತ್ತಾನೆ ಅಂತ ಒಂದು ಕಾಲದಲ್ಲಿ ನಮ್ಮ ಕೇಂದ್ರದಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. ಹಸಿ ಜೋಳದ ದಂಟು ಕತ್ತರಿಸಿ, ಗುಂಡಿಯಲ್ಲಿ ತುಳಿದು ತುಂಬಿ, ಗಾಳಿ ಆಡದಂತೆ ತಾಡಪತ್ರಿ ಮುಚ್ಚಿ ಮಣ್ಣು ಹೇರಿದರೆ, ಒಂದೂವರೆ ತಿಂಗಳಿಗೆ ಅದು ಹುಳಿಬಂದು ದನಗಳಿಗೆ ಒಳ್ಳೆಯ ಮೇವಾಗುತ್ತದೆ. ರಸಮೇವು ಅಂತ ಕರೆಯುತ್ತೇವೆ. ಅವನು ಗುಂಡಿ ತೋಡಿದ, ತುಂಬಿದ, ಮುಚ್ಚಿದ. "ಒಳಗೆ ಗಾಳಿ ಹೋದರೆ ಕೆಟ್ಟಿತು, ನೆನಪಿರಲಿ" ಅಂತ ಎಚ್ಚರಿಸಿ ಬಂದೆ.

ಮತ್ತೆ ಮತ್ತೆ ಅವನ ಫೋನ್ ಬರುತ್ತಿತ್ತು. ನಮ್ಮ ಕಡೆ ಹಳ್ಳಿಯವರಿಗೆ ಮೇಡಂ ಅಂದರೆ ಬಾಯಾರು. "ಬಾಯಾರ, ಮುಚ್ಚೇ ಅದ್ರಿ."

"ಶಾಬಾಶ್" ಅನ್ನುತ್ತಿದ್ದೆ.

ತೆರೆಯುವ ದಿನ ಸುತ್ತಲಿನ ಊರಿನವರನ್ನೂ ಕರೆದಿದ್ದೆವು. ನೋಡಿ ಕಲಿಯಲಿ ಅಂತ. ತಾಡಪತ್ರಿ ಎತ್ತಿದ ಕೂಡಲೇ ಬಂದ ವಾಸನೆಗೆ ಮೊದಲ ಸಾಲಿನವರು ಹಿಂದಿನ ಸಾಲಿಗೆ ಹೋದರು. ಒಳಗೆ ಎಲ್ಲ ಕಪ್ಪು ಬೂಷ್ಟು. ಅವನ ಎಮ್ಮೆ ಒಂದು ಸಲ ಮೂಸಿ ನೋಡಿ ನನ್ನ ಕಡೆ ಮುಖ ತಿರುಗಿಸಿತು. ಪಾಪ, ಅವನ ಮುಖ ಅಳುವ ಹಾಗಾಗಿತ್ತು.

"ಎಲ್ಲೋ ಗಾಳಿ ಹೋಗ್ಯದ. ತಾಡಪತ್ರಿ ಹರದಿತ್ತೇನು?" ಅಂದೆ.

"ಇಲ್ರಿ ಬಾಯಾರ. ನಾ ದಿನಾ ಮುಂಜಾನಿ ಬಿಚ್ಚಿ ಪೂರ್ತಿ ನೋಡೇನಿ. ಎಲ್ಲೂ ಹರದಿದ್ದಿಲ್ಲ."

ಆ ಬೇಸಿಗೆ ಅವನ ದನಗಳಿಗೆ ಒಣಗಿದ ಜೋಳದ ಕಣಿಕೆಯೇ ಗತಿಯಾಯಿತು. ಆದರೂ ಅವನು ಎದೆಗುಂದಲಿಲ್ಲ. ಮುಂದಿನ ವರ್ಷ ಮತ್ತೆ ಗುಂಡಿ ತುಂಬಿ ಫೋನ್ ಮಾಡಿದ. "ಈ ಸಲ ನಾ ಬಿಲ್ಕುಲ್ ಬಿಚ್ಚಂಗಿಲ್ರಿ ಬಾಯಾರ. ನನ್ನ ಹೆಂಡತಿಗಿ ಹೇಳೇನಿ, ಆಕಿ ಬಿಚ್ಚಿ ನೋಡತಾಳ."

ಬೀಗರ ಹೋರಿ

ಇದು ಸಂಶೋಧನೆಯ ಕಥೆ. ಲವಣ ಮಿಶ್ರಣದ ಪುಡಿ ತಿನ್ನಿಸಿದರೆ ದೇವಣಿ ಹೋರಿಗರುಗಳು ಎಷ್ಟು ತೂಕ ಏರುತ್ತವೆ ಅಂತ ನೋಡಬೇಕಿತ್ತು. ಒಂದು ಊರು ಆರಿಸಿದೆವು. ಅರ್ಧ ಮನೆಗಳ ಹೋರಿಗಳಿಗೆ ಪುಡಿ, ಇನ್ನರ್ಧ ಮನೆಗಳ ಹೋರಿಗಳಿಗೆ ಪುಡಿ ಇಲ್ಲ. ಪುಡಿ ಇಲ್ಲದವು ಹೋಲಿಸಿ ನೋಡುವುದಕ್ಕೆ.

ಇದನ್ನು ಪುಡಿ ಇಲ್ಲದ ಮನೆಯವರಿಗೆ ಹೇಳುವುದು ನನ್ನ ಪಾಲಿಗೆ ಬಂತು. ಒಬ್ಬ ಹೆಣ್ಣುಮಗಳು ಜೋಳ ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಳು.

"ಅವರ ಹೋರಿಗಿ ಕೊಡತೀರಿ. ನಮ್ಮದಕ್ಕ ಕೊಡಂಗಿಲ್ಲ. ಯಾಕಂದ್ರ ಅವರದು ಛಲೋ ಬೆಳದದ್ದು ನಮ್ಮದು ನೋಡಿ ತಿಳಕೋಬೇಕು. ಹೌದಲ್ರಿ?"

"ಹೌದವ್ವ."

"ಅಂದ್ರ ನಮ್ಮದು ದೃಷ್ಟಿಗೊಂಬಿ ಇದ್ದಂಗ."

ನಾನು ಚಹಾ ಕುಡಿದು ಎದ್ದೆ.

ತಿಂಗಳುಗಳು ಕಳೆದವು. ಕೊನೆಯ ಸಲ ತೂಗಿದಾಗ, ಪುಡಿ ತಿಂದ ಹೋರಿಗಳು ಸಾಧಾರಣ ಬೆಳೆದಿದ್ದವು. ಪುಡಿ ತಿನ್ನದವು ತೂಕದಲ್ಲಿ ಮುಂದಿದ್ದವು, ಮೈಯೂ ಮಿರಮಿರ ಮಿಂಚುತ್ತಿತ್ತು. ತಕ್ಕಡಿ ಕೆಟ್ಟಿರಬೇಕು ಅಂತ ಡ್ರೈವರನ್ನು ಹತ್ತಿಸಿ ನೋಡಿದೆ. "ಮೇಡಂ, ಊಟ ಆಗ್ಯದ, ಅದರದೂ ಲೆಕ್ಕ ಹಿಡೀರಿ" ಅಂತ ಅವರು ಸಂಕೋಚದಿಂದ ಹತ್ತಿದರು. ತಕ್ಕಡಿ ಸರಿ ಇತ್ತು. ಇಷ್ಟು ದಿನದ ತಿರುಗಾಟ, ಬಿಸಿಲು, ದನಗಳ ಒದೆ, ಎಲ್ಲ ನೀರಿಗೆ ಹೋಯಿತು ಅಂತ ಕಟ್ಟೆಯ ಮೇಲೆ ಕೂತುಬಿಟ್ಟೆ.

ಪುಡಿ ಪಡೆದ ಒಂದು ಮನೆಯ ಯಜಮಾನ ನನ್ನ ಮುಖ ನೋಡಿ ನೀರು ತಂದುಕೊಟ್ಟ. ಮೆಲ್ಲಗೆ ಕೇಳಿದೆ. "ಖರೆ ಹೇಳ್ರಿ, ಪುಡಿ ದಿನಾ ಹಾಕೀರಿ?"

"ಒಂದ ದಿನ ತಪ್ಪಿಸಿಲ್ರಿ."

"ನಿಮ್ಮ ಹೋರಿಗೇ ಹಾಕೀರಿ?"

ಅವನು ಹಣೆ ಉಜ್ಜಿಕೊಂಡ. "ಹ್ಯಾಂಗ ಹಾಕಬೇಕ್ರಿ? ಎಲ್ಲಾ ಎದುರಿನ ಮನಿ ಹೋರಿಗಿ ಹಾಕೀವಿ. ಅವರು ನಮ್ಮ ಬೀಗರು. ಮಗಳು ಕೊಟ್ಟೀವಿ ಆ ಮನಿಗಿ. ಬೀಗರ ಹೋರಿ ಸೊರಗಿ ನಿಂತದ್ದು ನೋಡಿ ನಮ್ಮ ಹೋರಿಗಿ ಪುಡಿ ಹಾಕಿದ್ರ, ನಾಳಿ ನಮ್ಮ ಮಗಳಿಗಿ ಆ ಮನ್ಯಾಗ ಏನ ಮರ್ಯಾದಿ ಉಳೀತದ?" ಉಳಿದ ಮನೆಗಳಲ್ಲಿ ವಿಚಾರಿಸಿದೆ. ಆ ಊರಲ್ಲಿ ಬೀಗರಲ್ಲದವರು ಯಾರೂ ಇರಲಿಲ್ಲ.

ವರದಿ ಒಪ್ಪಿಸಿದಾಗ ನಮ್ಮ ಹಿರಿಯ ವಿಜ್ಞಾನಿಗಳು ಕನ್ನಡಕ ತೆಗೆದು ಕೇಳಿದರು. "ಅಂದ್ರೆ ಪುಡಿ ತಿನ್ನದ ಹೋರಿ ಚೆನ್ನಾಗಿ ಬೆಳೆಯುತ್ತದೆ ಅಂತಲೇ?"

"ಇಲ್ಲ ಸರ್" ಅಂದೆ. "ಬೀಗರಿರುವ ಹೋರಿ ಚೆನ್ನಾಗಿ ಬೆಳೆಯುತ್ತದೆ."

ಗುರುವಾರದಾಕಿ

ಊರೂರು ತಿರುಗಿ ಸಾಕಾದ ಮೇಲೆ, ಫೋನಿನಲ್ಲೇ ಸಲಹೆ ಕಳಿಸುವ ಏರ್ಪಾಟು ಬಂತು. ನನ್ನ ದನಿಯಲ್ಲಿ ಸಲಹೆ ರೆಕಾರ್ಡ್ ಮಾಡಿಕೊಳ್ಳುವುದು, ಗುರುವಾರ ಬೆಳಿಗ್ಗೆ ಅದು ದನ ಸಾಕುವವರೆಲ್ಲರ ಫೋನಿಗೂ ತಾನೇ ಹೋಗುವುದು. ಇನ್ನು ಕೂತಲ್ಲೇ ಕೆಲಸ ಅಂತ ನಾನೂ ಡ್ರೈವರೂ ಬಹಳ ನೆಮ್ಮದಿಯಿಂದ ಇದ್ದೆವು.

ಮಾಣಿಕನಗರದ ಆಚೆಯ ಒಂದು ಊರಿನಿಂದ ಒಬ್ಬ ಅಜ್ಜ ಕಚೇರಿಗೆ ಫೋನ್ ಮಾಡಿ ದೂರು ಕೊಟ್ಟ. "ನಿಮ್ಮ ಬಾಯಾರು ಗುರುವಾರಕ್ಕೊಮ್ಮೆ ಫೋನ್ ಮಾಡತಾರ. 'ಹೇಗಿದ್ದೀರಿ' ಅಂತ ತಾವೇ ಕೇಳತಾರ. ನಾ ಹೇಳಾಕ ಹೋದ್ರ ಕೇಳಂಗೇ ಇಲ್ಲ, ತಮ್ಮದೇ ನಡಸತಾರ. ನನ್ನ ಎತ್ತು ಕುಂಟಾಕತ್ತದಂತ ಪ್ರತಿ ಸಲ ಹೇಳಾಕತ್ತೇನಿ."

ನನಗೆ ಕೆಟ್ಟದೆನಿಸಿತು. ವಾರಗಟ್ಟಲೆ ಒಬ್ಬ ಮುದುಕ ರೆಕಾರ್ಡಿನ ಜೊತೆ ಎತ್ತಿನ ಕಷ್ಟ ಹೇಳಿಕೊಂಡಿದ್ದ. ಅದೇ ದಿನ ಜೀಪು ಹತ್ತಿದೆ.

ಊರಲ್ಲಿ ಮನೆ ಕೇಳಿದರೆ ಹೆಂಗಸರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ದಾರಿ ತೋರಿಸಿದರು. ಬಾಗಿಲಲ್ಲಿ ಅಜ್ಜನ ಹೆಂಡತಿ ನಿಂತಿದ್ದಳು. ಪಕ್ಕದಲ್ಲಿ ಬಟ್ಟೆಗಂಟು. ಮಗಳ ಊರಿಗೆ ಹೊರಟು ನಿಂತಂತಿತ್ತು. ಅಜ್ಜ ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ.

"ನಮಸ್ಕಾರ, ಹೇಗಿದ್ದೀರಿ?" ಅಂದೆ.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೀವೇನ್ರಿ ಆ ಗುರುವಾರದಾಕಿ?"

ಆಗ ಒಂದೊಂದೇ ಹೊರಗೆ ಬಂತು. ಮನೆಯೊಳಗೆ ಫೋನಿಗೆ ರೇಂಜ್ ಸಿಗುವುದಿಲ್ಲ. ಗುರುವಾರ ಫೋನ್ ಬಂದ ಕೂಡಲೇ ಅಜ್ಜ ಅದನ್ನು ಹಿಡಿದು ಬಣವೆಯ ಹಿಂದೆ ಓಡುತ್ತಿದ್ದ. ಅಲ್ಲಿ ನಿಂತು ಬಹಳ ಹೊತ್ತು ಮಾತಾಡುತ್ತಿದ್ದ. ಒಂದು ಗುರುವಾರ ಅಜ್ಜಿ ಹಿಂದೆಯೇ ಹೋಗಿ ಕಿವಿಗೊಟ್ಟಳು. ಅದು ಬೇಸಿಗೆಯ ಸಲಹೆ. ಒಬ್ಬ ಹೆಣ್ಣುಮಗಳು ಮೆಲುದನಿಯಲ್ಲಿ ಹೇಳುತ್ತಿದ್ದಳು: "ಬಿಸಿಲು ಹೆಚ್ಚಾಗಿದೆ. ಮಧ್ಯಾಹ್ನ ಹೊರಗೆ ಬಿಡಬೇಡಿ. ತಣ್ಣೀರಿನಲ್ಲಿ ಮೈ ತೊಳೆದು ಮೆಲ್ಲಗೆ ಕೈಯಾಡಿಸಿ. ಮುಂದಿನ ಗುರುವಾರ ಮತ್ತೆ ಮಾತಾಡೋಣ."

ಅಂದಿನಿಂದ ಮನೆಯಲ್ಲಿ ಮಾತಿಲ್ಲ. ರೊಟ್ಟಿ ಬಡಿದು ಮುಂದೆ ಇಡುವುದು, ಮುಖ ತಿರುಗಿಸುವುದು. ಇವತ್ತು ಗಂಟು ಕಟ್ಟಿದ್ದಳು.

"ಅಜ್ಜಿ, ಅದು ಎತ್ತಿನ ವಿಷಯ. ನಾ ಮಾತಾಡಿದ್ದೂ ಅಲ್ಲ, ಮಷೀನು ಹೇಳೂದು. ಬರೀ ಅಜ್ಜಗ ಹೇಳಂಗಿಲ್ಲ, ಎರಡೂ ತಾಲೂಕಿನ ರೈತರಿಗಿ ಹೋಗತದ."

ಅಜ್ಜಿ ಮೂಗಿನ ಮೇಲೆ ಬೆರಳಿಟ್ಟಳು. "ಎರಡೂ ತಾಲೂಕಿನ ಗಂಡಸರಿಗಿ?"

ಡ್ರೈವರ್ ಜೀಪಿನ ಗಾಲಿ ನೋಡುವ ನೆಪದಲ್ಲಿ ಆಚೆ ಹೋದರು.

ಕೊನೆಗೆ ನನ್ನ ಫೋನ್ ತೆಗೆದು, ಆ ಬೇಸಿಗೆಯ ಸಲಹೆಯನ್ನು ಮೊದಲಿನಿಂದ ಕೇಳಿಸಿದೆ. "ಎತ್ತು, ಎಮ್ಮೆ, ಆಕಳು ಸಾಕುವ ರೈತಬಾಂಧವರೇ, ನಮಸ್ಕಾರ, ಹೇಗಿದ್ದೀರಿ" ಅಂತ ಶುರುವಾಗುವುದನ್ನು ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಗಂಟು ಎತ್ತಿ ಒಳಗೆ ಇಟ್ಟು ಬಂದಳು. ನಾನು ಎತ್ತಿನ ಗೊರಸು ತೊಳೆದು, ಸೀಳಿನಲ್ಲಿ ಸಿಕ್ಕಿದ್ದ ಕಲ್ಲು ತೆಗೆದು ಔಷಧಿ ಹಚ್ಚಿದೆ. ಹೊರಡುವಾಗ ಅಜ್ಜಿ ಚಹಾದ ಜೊತೆ ತನ್ನ ಸಣ್ಣ ಫೋನನ್ನೂ ತಂದು ಕೈಗೆ ಕೊಟ್ಟಳು.

"ಇದರ ನಂಬರೂ ಹಚ್ಚಿಬಿಡ್ರಿ. ಲಗ್ನ ಆಗಿ ಇಷ್ಟ ವರ್ಷ ಆತು, ಈ ಮನ್ಯಾಗ ಯಾರೂ ನನಗ 'ಹೇಗಿದ್ದೀರಿ' ಅಂದಿಲ್ಲ. ಮಷೀನಾದ್ರೂ ಕೇಳಲಿ."

ಹಚ್ಚಿದೆ. ಎತ್ತು ವಾಸಿಯಾಯಿತು. ಮನೆಯಲ್ಲಿ ಮಾತುಕತೆಯೂ ಶುರುವಾಯಿತು ಅಂತ ತಿಳಿದು ಮನಸ್ಸು ಹಗುರಾಯಿತು.

ಮೊನ್ನೆ ಅಜ್ಜ ಮತ್ತೆ ಕಚೇರಿಗೆ ಫೋನ್ ಮಾಡಿದ. ದನಿ ತಗ್ಗಿಸಿ ಕೇಳಿದ.

"ಬಾಯಾರ, ಗುರುವಾರ ನನಗ ಹೇಳಿದ್ದೇ ಆಕಿಗೂ ಹೇಳತೀರೋ, ಬ್ಯಾರೆ ಏನಾರ ಹೇಳತೀರೋ?"

"ಅದೇ ಅಜ್ಜ. ಉಣ್ಣಿ ಬಿಡಿಸೂದು, ಕೊಟ್ಟಿಗಿ ಹಸನು ಮಾಡೂದು, ಅಷ್ಟೇ."

ಅಜ್ಜ ದನಿ ಇನ್ನೂ ತಗ್ಗಿಸಿದ.

"ಮತ್ತ ಆಕಿ ಯಾಕ ನಗಾಕತ್ತಾಳ?"