ಹಿಂದೆ ಬಿಗಿ, ಮುಂದೆ ಜೋಲಾದ ಕುರ್ಚಿಯವರಿಗೊಂದು ಅರಿಕೆ

ಮಾನ್ಯ ಬೆತ್ತದ ಕುರ್ಚಿಯವರೇ,

ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಂತಿರುವ ತಮಗೆ, ಎರಡು ಕಾಲಿನ ಮೇಲೂ ನೆಟ್ಟಗೆ ನಿಲ್ಲಲಾರದ ಈ ವಿಧುರನ ಸವಿನಯ ವಂದನೆಗಳು.

ತಾವು ನನ್ನ ಮಾನ ಕಳೆದಿರಿ ಎಂಬುದೇ ನನ್ನ ದೂರು. ಅಂಗಡಿಯವರ ಕುರ್ಚಿಗಳಿಗೆ ಮನೆಯಲ್ಲೇ ಬೆತ್ತ ಹೆಣೆದು ಕೂಲಿ ಪಡೆಯುತ್ತಿದ್ದ ನನ್ನ ಹೆಂಡತಿ, ತಮ್ಮ ಆಸನವನ್ನು ಹಿಂದಿನಿಂದ ಅರ್ಧದವರೆಗೆ ಹೆಣೆದಿಟ್ಟು ಆಸ್ಪತ್ರೆಗೆ ಹೋದವಳು ಮರಳಲಿಲ್ಲವಾದ್ದರಿಂದ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ ನಾನು ಉಳಿದರ್ಧಕ್ಕೆ ಕುಳಿತೆ. ಅವಳ ಒಂದು ಬೆಳಗಿನ ಕೆಲಸಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ಹಿಗ್ಗಿ ಹೋದೆ! ಏಕೆಂದರೆ ‘ಲೇಬರ್ ಥಿಯರಿ ಆಫ್ ವ್ಯಾಲ್ಯೂ’ ಪ್ರಕಾರ ವಸ್ತುವಿನ ಮೌಲ್ಯವೆಂದರೆ ಅದರಲ್ಲಿ ಹೂತ ಶ್ರಮ. ಅದರ ಮುಂದೆ ‘ಸೋಶಿಯಲಿ’ ಏನೋ ‘ನೆಸೆಸರಿ’ ಎಂದೂ ಮೇಷ್ಟ್ರು ಹೇಳಹೊರಟಿದ್ದರು, ಅಷ್ಟರಲ್ಲಿ ಗಂಟೆ ಹೊಡೆಯಿತು.

ಆ ಲೆಕ್ಕದಲ್ಲಿ ತಾವು ಸಿಂಹಾಸನದ ಬೆಲೆ ಬಾಳಬೇಕು. ಆದರೆ ಒಯ್ಯಲು ಬಂದ ಅಂಗಡಿಯವರು ತಮ್ಮ ಮೇಲೆ ಕುಳಿತರು, ಮುಂದಕ್ಕೆ ಜಾರಿದರು, ನೆಲ ಸೇರಿದರು. ಎದ್ದು ಪಂಚೇಂದ್ರಿಯಗಳನ್ನೂ ಸರಿಮಾಡಿಕೊಂಡು, “ಯಜಮಾನ್ರೇ, ಅಮ್ಮ ಬೆಳಗ್ಗೆ ತಗೊಂಡಿದ್ದನ್ನ ಮಧ್ಯಾಹ್ನಕ್ಕೆ ಕೊಡೋರು. ನಿಮ್ಮ ನಿಧಾನಕ್ಕೂ ನಾನೇ ಕೂಲಿ ಕೊಡ್ಬೇಕಾ?” ಎಂದರು. ಮೇಷ್ಟ್ರು ಅಂದು ಹೇಳಹೊರಟದ್ದು ಇದನ್ನೇ ಇರಬೇಕು: ಲೆಕ್ಕಕ್ಕೆ ಬರುವುದು ಬೇಕಾದಷ್ಟು ಶ್ರಮ, ಹಿಡಿದಷ್ಟಲ್ಲ.

ಮಗಳು ಬಂದು ತಮ್ಮನ್ನು ಒತ್ತಿ ನೋಡಿ, “ಅಪ್ಪಾ, ಬೆತ್ತ ನೆನೆಹಾಕಿದ್ರಾ? ಅಮ್ಮ ಬಚ್ಚಲಲ್ಲಿ ಬಕೆಟ್ ಇಡ್ತಿದ್ದಿದ್ದು ಯಾಕೆ ಅಂದ್ಕೊಂಡಿದ್ರಿ?” ಎಂದಳು. ತೊಳೆಯುವುದಕ್ಕೆ ಎಂದುಕೊಂಡಿದ್ದೆ. ನೆನೆದ ಬೆತ್ತ ಒಣಗುತ್ತ ಬಿಗಿಯುತ್ತದಂತೆ. ಆ ಬಕೆಟ್ಟನ್ನು ದಿನಾ ಗೊಣಗುತ್ತ ಕಾಲಿನಿಂದ ಸರಿಸುವುದೇ ಈ ಮನೆಯ ಉತ್ಪಾದನೆಗೆ ನನ್ನ ಕೊಡುಗೆಯಾಗಿತ್ತು. ‘ಡಿವಿಷನ್ ಆಫ್ ಲೇಬರ್’ ಮಾತ್ರ ಸಮಸಮವಾಗಿತ್ತು, ಅವಳು ದುಡಿಯುತ್ತಿದ್ದಳು, ನಾನು ಅದನ್ನು ವಿವರಿಸುತ್ತಿದ್ದೆ.

ಆಮೇಲೆ ಅಂಗಡಿಯವರು ತಮ್ಮನ್ನು ಹೊತ್ತೊಯ್ದರು, ಪೂರ್ತಿ ಬಿಚ್ಚಿಸಿ ಹೊಸದಾಗಿ ಹೆಣೆಸುತ್ತಾರಂತೆ. ಪೂರ್ತಿ ಎಂದರೆ ಅವಳ ಅರ್ಧವೂ. ಆದಕಾರಣ ತಮ್ಮ ಮುಂಭಾಗವು ಹಿಂಭಾಗದಿಂದ ಪಾಠ ಕಲಿತು ಬೆಳಗಾಗುವುದರೊಳಗೆ ತಾನೇ ಬಿಗಿಯಾಗಬೇಕೆಂದೂ, ಆಗದಿದ್ದರೆ ಇನ್ನು ಮುಂದೆ ಕೂರುವವರೆಲ್ಲ ಹಿಂದಕ್ಕೇ ಒರಗಿ ಕೂರುವಂತೆ ಲೋಕವನ್ನು ತಿದ್ದಬೇಕೆಂದೂ ಬೇಡಿಕೊಂಡೆ. ಎರಡೂ ಆಗದೆಂದು ಬೆಳಗಾದ ಮೇಲೆ ತಿಳಿದು, ನಾನೇ ಹೋಗಿ ತಮ್ಮನ್ನು ಕೊಂಡುಕೊಂಡೆ.

ತಮ್ಮ ಹಿಂದಿನ ಅರ್ಧಕ್ಕೆ ಚಿರಋಣಿ, ಮುಂದಿನ ಅರ್ಧಕ್ಕೆ ಹೊಣೆಗಾರನಾದ
ತಮ್ಮ ವಿಶ್ವಾಸಿ

ಮರೆತ ಮಾತು: ನಾನು ಕೂಲಿ ಕೇಳಿದಾಗ ತಾವು ‘ಕೆಟ್ಟ ಕೆಲಸ’ವಾಗಿದ್ದಿರಿ. ಕೊಳ್ಳಲು ಹೋದಾಗ ಅದೇ ಅಂಗಡಿಯವರು ತಮ್ಮ ಹಿಂದಿನ ಅರ್ಧವನ್ನು ಸವರಿ, “ಕೈಕೆಲಸ ನೋಡಿ ಯಜಮಾನ್ರೇ, ಇಂಥದ್ದು ಇನ್ನು ಸಿಗಲ್ಲ, ಬೆಲೆ ಸ್ವಲ್ಪ ಜಾಸ್ತಿ” ಎಂದರು. ಆ ಅರ್ಧ ಹೆಣೆದವಳಿಗೆ ಈ ಮಾತನ್ನು ಅವರೂ ಒಮ್ಮೆಯೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಚೌಕಾಸಿ ಮಾಡದೆ ತಂದೆ.